ಏರ್ ಫಿಲ್ಟರ್‌ನಿಂದ ಎಂಜಿನ್‌ವರೆಗೆ: ಸಡಿಲಾಗುವ ಬೋಲ್ಟ್‌ಗೆ ಲಾಕ್‌ಟೈಟಾ, ವಾಷರಾ, ಹೊಸ ಕ್ಲಿಪ್ಪಾ?

ಬೈಕಿನ ಏರ್ ಫಿಲ್ಟರ್ ಹತ್ತಿರ ಒಂದು ಬೋಲ್ಟ್ ಪದೇ ಪದೇ ಸಡಿಲ ಆಗುತ್ತಿದೆ ಅಂತ ಹೇಳಿ ನೋಡಿ. ಕಲಬುರಗಿಯ ಯಾವ ಗ್ಯಾರೇಜಿಗೆ ಹೋದರೂ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ‘ಇನ್ನೊಂದು ಸುತ್ತು ಟೈಟ್ ಮಾಡ್ರಿ.’ ‘ಸ್ಪ್ರಿಂಗ್ ವಾಷರ್ ಹಾಕ್ರಿ.’ ‘ಲಾಕ್‌ಟೈಟ್ ಬಿಡ್ರಿ’, ಅಂದರೆ ಬೋಲ್ಟ್ ಹಿಡಿಸುವ ಅಂಟು. ಈ ಮೂರೂ ಒಂದು ಕಡೆ ಸರಿ, ಇನ್ನೊಂದು ಕಡೆ ಗಾಡಿಗೇ ಕೇಡು.

ನನ್ನ ಮಾತು ಇಷ್ಟೇ. ಏನು ಹಾಕಬೇಕು ಅಂತ ಯೋಚಿಸುವ ಮೊದಲು, ಈ ಬೋಲ್ಟ್ ಕಳಚಿದರೆ ಎಲ್ಲಿ ಬೀಳುತ್ತದೆ ಅಂತ ನೋಡಿ. ರಸ್ತೆಗೆ ಬಿದ್ದರೆ ಹೋಗಲಿ, ಹೊಸದು ತರಬಹುದು. ಎಂಜಿನ್ ಒಳಗೆ ಹೋದರೆ ವಾಲ್ವ್ ಬಾಗುತ್ತದೆ, ಪಿಸ್ಟನ್ ಒಡೆಯುತ್ತದೆ. ಒಂದೇ ಅಳತೆಯ ಎರಡು ಸ್ಕ್ರೂ, ಆದರೆ ಎರಡಕ್ಕೂ ಒಂದೇ ಮದ್ದು ಅಲ್ಲ.

ಗಾಳಿ ಬರುವ ದಾರಿ

ಗಾಳಿ ಮೊದಲು ಫಿಲ್ಟರ್ ಬಾಕ್ಸ್‌ಗೆ ಬರುತ್ತದೆ. ಫಿಲ್ಟರ್ ದಾಟಿ ರಬ್ಬರ್ ಪೈಪಿನಲ್ಲಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ಗೆ ಹೋಗುತ್ತದೆ. 2020ರ ಏಪ್ರಿಲ್ 1ರ ನಂತರದ ಬಿಎಸ್6 (ಹೊಗೆ ನಿಯಂತ್ರಣದ ನಿಯಮ) ಗಾಡಿಯಾದರೆ ಹೆಚ್ಚಾಗಿ ಕಾರ್ಬ್ಯುರೇಟರ್ ಬದಲು ಥ್ರಾಟಲ್ ಬಾಡಿ ಇರುತ್ತದೆ. ಅಲ್ಲಿಂದ ಮ್ಯಾನಿಫೋಲ್ಡ್ (ಎಂಜಿನ್‌ಗೆ ಕೂಡಿಸುವ ಕೊಳವೆ) ದಾಟಿ ಹೆಡ್ (ಎಂಜಿನ್‌ನ ಮೇಲ್ಭಾಗ) ಒಳಗೆ.

ಫಿಲ್ಟರ್‌ಗಿಂತ ಹೊರಗಿನ ಬೋಲ್ಟ್ ಸಡಿಲಾದರೆ ಗಡಗಡ ಸದ್ದು ಬರುತ್ತದೆ. ಬಾಕ್ಸ್ ಅಲುಗಾಡುತ್ತದೆ. ತಕ್ಷಣದ ಅಪಾಯ ಕಡಿಮೆ.

ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ನಡುವೆ ಸಡಿಲಾದರೆ ಸೋಸದ ಗಾಳಿ ಒಳಗೆ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ಕೇಡು. ಚಿತ್ತಾಪುರ, ವಾಡಿ, ಸೇಡಂ ಕಡೆ ಸಿಮೆಂಟ್ ಲಾರಿಗಳು. ಶಹಾಬಾದ್ ಸುತ್ತ ಫರ್ಸಿ ಕಲ್ಲಿನ ಗಣಿಗಳು. ತೊಗರಿ ರಾಶಿ ಮಾಡುವ ಕಾಲಕ್ಕೆ ಹೊಲದ ದಾರಿ ತುಂಬ ಧೂಳು. ಕಲ್ಲಿನ ಧೂಳು ಸಣ್ಣ ಮರಳೇ ಅಲ್ವಾ? ಅದು ಎಣ್ಣೆಯ ಜೊತೆ ಸೇರಿದರೆ ಸಿಲಿಂಡರ್ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಸವೆಸುತ್ತದೆ. ಸದ್ದು ಬರಲ್ಲ, ಗಾಡಿ ನಿಲ್ಲಲ್ಲ. ಕೆಲವು ತಿಂಗಳ ನಂತರ ಹೊಗೆ ಶುರುವಾಗುತ್ತದೆ, ಎಣ್ಣೆ ಇಳಿಯುತ್ತದೆ. ಆಗ ಸಿಲಿಂಡರ್ ಕೊರೆಸುವ (ಬೋರ್ ಮಾಡಿಸುವ) ಖರ್ಚು.

ಕಾರ್ಬ್ಯುರೇಟರ್ ಮತ್ತು ಹೆಡ್ ನಡುವೆ ಸಡಿಲಾದರೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಪಾಲು ಕಡಿಮೆ ಬೀಳುತ್ತದೆ. ಸ್ಲೋದಲ್ಲಿ, ಅಂದರೆ ಥ್ರಾಟಲ್ ಬಿಟ್ಟು ನಿಂತಾಗ, ಎಂಜಿನ್ ಬಂದ್ ಬೀಳುತ್ತದೆ. ಥ್ರಾಟಲ್ ಬಿಟ್ಟಾಗ ಸೈಲೆನ್ಸರ್‌ನಿಂದ ಪಟ್ ಪಟ್ ಅನ್ನುತ್ತದೆ. ಎಂಜಿನ್ ವಿಪರೀತ ಕಾಯುತ್ತದೆ. ನೆರಳಲ್ಲೇ 43 ಡಿಗ್ರಿ ಇರುವ ಮೇ ತಿಂಗಳಲ್ಲಿ ಇಂಥ ಗಾಡಿಯನ್ನು ದೂರ ಓಡಿಸುವುದು ಎಂಜಿನ್‌ಗೆ ಮಾಡುವ ಅನ್ಯಾಯ.

ಟೈಟ್ ಮಾಡುವ ಮೊದಲು ಕಾರಣ ನೋಡಿ

ಬೋಲ್ಟ್ ಅಲುಗಾಟಕ್ಕೇ ಸಡಿಲ ಆಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ನಿಜ. ಬೋಲ್ಟ್ ಎರಡು ಭಾಗಗಳನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದರೆ ಸುಮ್ನೆ ಸಡಿಲ ಆಗಲ್ಲ. ಒತ್ತುವ ಬಲ ಕಡಿಮೆಯಾದಾಗ ಆ ಭಾಗಗಳು ಅಡ್ಡಡ್ಡ ಜಾರಲು ಶುರು ಮಾಡುತ್ತವೆ. ಆ ಜಾರಾಟವೇ ಬೋಲ್ಟನ್ನು ತಿರುಗಿಸಿ ಬಿಚ್ಚುತ್ತದೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಇವತ್ತಿಗೂ ಬೋಲ್ಟ್‌ಗಳ ಅಲುಗಾಟದ ಪರೀಕ್ಷೆಗೆ ಅವರದೇ ಹೆಸರು.

ಹಾಗಾಗಿ ಮೊದಲ ಪ್ರಶ್ನೆ: ಒತ್ತುವ ಬಲ ಎಲ್ಲಿ ಹೋಯಿತು?

ಒಂದು ಗಾಡಿಯ ಕಥೆ ಹೇಳುತ್ತೇನೆ. ಸೇಡಂ ರಸ್ತೆಯ ಒಂದು ಗ್ಯಾರೇಜಿಗೆ ಒಬ್ಬ ಮೇಷ್ಟ್ರು ಬಂದಿದ್ದರು. ‘ಉಸ್ತಾದ್, ಸಿಗ್ನಲ್‌ನ್ಯಾಗ ನಿಂತ್ರ ಬಂದ್ ಬೀಳ್ತದ. ಸ್ಲೋ ಏರಿಸಿ ಕೊಡ್ರಿ’ ಅಂದರು. ಉಸ್ತಾದ್ ಸ್ಲೋ ಸ್ಕ್ರೂ ಮುಟ್ಟಲಿಲ್ಲ. ‘ತಡೀರಿ ಸರ್, ಮೊದ್ಲು ನೀರು ಹೊಡೀತೀನಿ’ ಅಂದು, ಗಾಡಿ ಚಾಲೂ ಇಟ್ಟೇ ಮ್ಯಾನಿಫೋಲ್ಡ್ ಕೂಡುವ ಜಾಗಕ್ಕೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಬಿಟ್ಟರು. ಎಂಜಿನ್ ಸದ್ದು ಒಮ್ಮೆಲೇ ಬದಲಾಯಿತು. ಸಂದಿಯಲ್ಲಿ ಗಾಳಿ ಎಳೆಯುತ್ತಿತ್ತು, ನೀರು ಒಂದು ಕ್ಷಣ ಆ ಸಂದಿಯನ್ನು ಮುಚ್ಚಿತು. ಬೋಲ್ಟ್‌ಗೆ ಹತ್ತರ ಪಾನಾ ಹಾಕಿ ನೋಡಿದರೆ ಗಟ್ಟಿಯಾಗೇ ಇತ್ತು! ಬಿಚ್ಚಿದಾಗ ಗೊತ್ತಾಯಿತು. ಹಿಂದೆ ಯಾರೋ ಮೂಲ ಬೋಲ್ಟ್ ಕಳೆದು, ಸ್ವಲ್ಪ ಉದ್ದದ ಬೋಲ್ಟ್ ಹಾಕಿದ್ದರು. ಅದರ ತುದಿ ತೂತಿನ ತಳಕ್ಕೆ ಹೋಗಿ ನಿಂತಿತ್ತು. ಕೈಗೆ ಗಟ್ಟಿ ಅನ್ನಿಸುತ್ತದೆ, ಆದರೆ ಮ್ಯಾನಿಫೋಲ್ಡನ್ನು ಒತ್ತುತ್ತಲೇ ಇರಲಿಲ್ಲ. ಸರಿಯಾದ ಉದ್ದದ ಬೋಲ್ಟ್ ಮತ್ತು ಹೊಸ ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಬಳೆ) ಹಾಕಿದ ಮೇಲೆ ಗಾಡಿ ಸ್ಲೋದಲ್ಲಿ ಬಂದ್ ಬೀಳದೆ ಸಮಾಧಾನವಾಗಿ ಚಾಲೂ ಇತ್ತು. ಇಲ್ಲಿ ಲಾಕ್‌ಟೈಟ್ ಹಾಕಿದ್ದರೆ? ಒತ್ತದೇ ಇರುವ ಬೋಲ್ಟು ಹಾಗೇ ಅಂಟಿಕೊಂಡು ಕೂರುತ್ತಿತ್ತು, ಅಷ್ಟೇ.

ಈ ಪರೀಕ್ಷೆಯನ್ನು ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಚಿಮುಕಿಸಿ ಮಾಡುವವರೂ ಇದ್ದಾರೆ. ದಯವಿಟ್ಟು ಬೇಡ. ಕಾದ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ. ನೀರು ಸಾಕು, ಅದೂ ಸ್ವಲ್ಪ.

ಇನ್ನೊಂದು ಸಾಮಾನ್ಯ ಕಾರಣ ಕಾಲರ್. ಫಿಲ್ಟರ್ ಬಾಕ್ಸನ್ನು ಫ್ರೇಮ್‌ಗೆ ಹಿಡಿಯುವ ಬೋಲ್ಟ್ ಬಿಚ್ಚಿ ನೋಡಿ. ಎಷ್ಟೋ ಗಾಡಿಗಳಲ್ಲಿ ಅಲ್ಲೊಂದು ರಬ್ಬರ್ ಗ್ರೋಮೆಟ್ (ಬಳೆ) ಇರುತ್ತದೆ, ಅದರ ನಡುವೆ ಕಬ್ಬಿಣದ ಸಣ್ಣ ಕೊಳವೆ. ಅದೇ ಕಾಲರ್. ಬೋಲ್ಟ್ ಬಿಗಿಯುವುದು ಆ ಕೊಳವೆಯ ಮೇಲೆ, ರಬ್ಬರ್ ಮೇಲಲ್ಲ. ರಬ್ಬರ್ ಕೆಲಸ ಅಲುಗಾಟ ತಡೆಯುವುದು ಮಾತ್ರ. ಬಾಕ್ಸ್ ಬಿಚ್ಚಿ ಹಾಕುವಾಗ ಆ ಕೊಳವೆ ಎಲ್ಲೋ ಉರುಳಿ ಹೋಗುತ್ತದೆ. ಆಮೇಲೆ ಬೋಲ್ಟ್ ರಬ್ಬರನ್ನೇ ಹಿಂಡುತ್ತದೆ. ರಬ್ಬರ್ ದಿನ ಕಳೆದಂತೆ ಕುಗ್ಗುತ್ತದೆ, ಬೋಲ್ಟ್ ಸಡಿಲ. ಮತ್ತೆ ಟೈಟ್, ಮತ್ತೆ ಸಡಿಲ. ಇದಕ್ಕೆ ಯಾವ ಅಂಟೂ ಮದ್ದಲ್ಲ. ಕಾಲರ್ ತಂದು ಹಾಕಬೇಕು. ಗ್ರೋಮೆಟ್ ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಬೇಕು. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ.

ಉದ್ದ, ಕಾಲರ್, ರಬ್ಬರ್, ಥ್ರೆಡ್ (ಬೋಲ್ಟಿನ, ತೂತಿನ ಸುರುಳಿ ಗೆರೆ). ಈ ನಾಲ್ಕೂ ಸರಿ ಇದ್ದೂ ಬೋಲ್ಟ್ ಸಡಿಲಾಗುತ್ತಿದ್ದರೆ ಮಾತ್ರ ಮುಂದಿನ ಆಯ್ಕೆಗಳಿಗೆ ಬನ್ನಿ.

ಥ್ರೆಡ್ ಲಾಕರ್: ಯಾವ ಬಣ್ಣ, ಎಲ್ಲಿ

ಲಾಕ್‌ಟೈಟ್ ಅನ್ನುವುದು ಒಂದು ಬ್ರಾಂಡಿನ ಹೆಸರು. ನಮ್ಮ ಬಾಯಲ್ಲಿ ಈ ಜಾತಿಯ ಅಂಟಿಗೆಲ್ಲ ಅದೇ ಹೆಸರಾಗಿದೆ. ಅನಬಾಂಡ್‌ನಂಥ ನಮ್ಮ ದೇಶದ ಕಂಪನಿಗಳೂ ಇದನ್ನು ಮಾಡುತ್ತವೆ. ಗಾಳಿ ಇಲ್ಲದ ಜಾಗದಲ್ಲಿ, ಲೋಹದ ಜೊತೆ ಸೇರಿದಾಗ ಇದು ಗಟ್ಟಿಯಾಗುತ್ತದೆ. ಬಾಟಲಿಯಲ್ಲಿ ಗಾಳಿ ಇರುವುದರಿಂದ ದ್ರವವಾಗೇ ಇರುತ್ತದೆ. ಥ್ರೆಡ್‌ಗಳ ನಡುವೆ ಹೋದಾಗ ಗಾಳಿ ಸಿಗಲ್ಲ, ಹಿಡಿದುಕೊಳ್ಳುತ್ತದೆ.

ನಮಗೆ ಬೇಕಾದ್ದು ಮುಖ್ಯವಾಗಿ ನೀಲಿ. ಲಾಕ್‌ಟೈಟ್‌ನಲ್ಲಿ ಇದರ ನಂಬರ್ 243. ಮಧ್ಯಮ ಬಲದ್ದು, ಸಾಮಾನ್ಯ ಪಾನಾದಿಂದಲೇ ಬಿಚ್ಚಬಹುದು, 180 ಡಿಗ್ರಿವರೆಗೆ ತಡೆಯುತ್ತದೆ. ಬೋಲ್ಟ್‌ಗೆ ಸ್ವಲ್ಪ ಎಣ್ಣೆ ಪಸೆ ಇದ್ದರೂ ಹಿಡಿಯುತ್ತದೆ. ಮ್ಯಾನಿಫೋಲ್ಡ್‌ನ 6 ಎಂಎಂ ಬೋಲ್ಟ್, ಲೋಹದ ಬ್ರಾಕೆಟ್‌ನ ಬೋಲ್ಟ್, ಇವಕ್ಕೆ ಇದೇ.

ನೇರಳೆ ಬಣ್ಣದ 222 ಇನ್ನೂ ಮೆತ್ತಗಿನದು. ಸಣ್ಣ ಸ್ಕ್ರೂಗಳಿಗೆ, ತಲೆ ಬೇಗ ಕೆಡುವ ಪ್ಲಸ್ ಸ್ಕ್ರೂಗಳಿಗೆ ಇದು ಒಳ್ಳೆಯದು. ಎಲ್ಲ ಅಂಗಡಿಯಲ್ಲಿ ಇಡುವುದಿಲ್ಲ, ಕೇಳಿ ತರಿಸಬೇಕಾಗುತ್ತದೆ. ಲೋಹದ ಏರ್ ಕ್ಲೀನರ್ ಪ್ಲೇಟಿನ ಸಣ್ಣ ಸ್ಕ್ರೂಗಳು ಒಳಗಡೆಗೇ ಬೀಳುವಂತಿದ್ದರೆ ಹುಡುಕಿ ತರುವುದು ಸಾರ್ಥಕ.

ಕೆಂಪು, ಅಂದರೆ 271 ಜಾತಿಯದು, ಗಾಳಿಯ ದಾರಿಯಲ್ಲಿ ಎಲ್ಲೂ ಬೇಡ. ಅದು ಕೆಟ್ಟ ಅಂಟು ಅಂತಲ್ಲ, ಬಿಚ್ಚುವುದು ಕಷ್ಟ ಅಂತ. ಕೆಂಪು ಅಂಟು ಬಿಡಬೇಕಾದರೆ ಬೋಲ್ಟನ್ನು ಸುಮಾರು 250 ಡಿಗ್ರಿ ಕಾಯಿಸಬೇಕು. ಕಾರ್ಬ್ಯುರೇಟರ್ ಪಕ್ಕ, ಪೆಟ್ರೋಲ್ ಪೈಪಿನ ಕೆಳಗೆ, ರಬ್ಬರ್ ಮ್ಯಾನಿಫೋಲ್ಡ್ ಹತ್ತಿರ ಯಾರು ಬೆಂಕಿ ಹಿಡಿಯುತ್ತಾರೆ? ಕಾಯಿಸದೆ ಬಲ ಹಾಕಿದರೆ 6 ಎಂಎಂ ಬೋಲ್ಟ್ ಮುರಿದು ಅಲ್ಯೂಮಿನಿಯಂ ಹೆಡ್‌ನಲ್ಲೇ ಉಳಿಯುತ್ತದೆ. ‘ಜಾಸ್ತಿ ಗಟ್ಟಿ ಇದ್ದಷ್ಟು ಒಳ್ಳೇದು’ ಅಂತ ಕೆಂಪನ್ನು ಕೈಗೆ ಕೊಡುವ ಅಂಗಡಿಯವರಿಗೆ ‘ಬ್ಯಾಡ್ರಿ, ನೀಲಿ ಕೊಡ್ರಿ’ ಅನ್ನಿ.

ಹಸಿರು 290 ಅಂತ ಇನ್ನೊಂದು ಇದೆ. ಬಿಗಿದ ಬೋಲ್ಟ್ ಬಿಚ್ಚದೆಯೇ ಹೊರಗಿನಿಂದ ಹನಿ ಬಿಟ್ಟರೆ ಥ್ರೆಡ್ ಒಳಗೆ ತಾನೇ ಇಳಿಯುತ್ತದೆ. ಅನುಕೂಲ ಹೌದು. ಆದರೆ ಇಳಿಯುವ ಗುಣವೇ ಕಾರ್ಬ್ಯುರೇಟರ್ ಹತ್ತಿರ ಅಪಾಯ. ಥ್ರಾಟಲ್ ಶಾಫ್ಟ್ ಸಂದಿಗೆ ಒಂದು ಹನಿ ಇಳಿದರೆ ಥ್ರಾಟಲ್ ತೆರೆದಲ್ಲೇ ಅಂಟಿ ನಿಲ್ಲಬಹುದು. ಓಡುವ ಗಾಡಿಯಲ್ಲಿ ಅದು ಜೀವಕ್ಕೇ ಬರುವ ಮಾತು.

ಪ್ಲಾಸ್ಟಿಕ್‌ಗೆ ಥ್ರೆಡ್ ಲಾಕರ್ ಯಾವ ಬಣ್ಣದ್ದೂ ಬೇಡ. ಇದು ತುಂಬ ಮುಖ್ಯ. ಈಗಿನ ಹೆಚ್ಚಿನ ಗಾಡಿಗಳ ಫಿಲ್ಟರ್ ಬಾಕ್ಸ್ ಪ್ಲಾಸ್ಟಿಕ್. ಎಬಿಎಸ್‌ನಂಥ ಪ್ಲಾಸ್ಟಿಕ್‌ಗೆ ಈ ದ್ರವ ತಾಕಿದರೆ ಒತ್ತಡ ಇರುವ ಜಾಗದಲ್ಲಿ ಬಿರುಕು ಬಿಡುತ್ತದೆ. ಸ್ಕ್ರೂ ಸುತ್ತ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ. ಕೊನೆಗೆ ಸ್ಕ್ರೂ ಕೂರುವ ಕಂಬವೇ ಕಿತ್ತು ಬರುತ್ತದೆ. ಮೇಲಾಗಿ ಪ್ಲಾಸ್ಟಿಕ್ ಲೋಹ ಅಲ್ಲವಾದ್ದರಿಂದ ಅಂಟು ಸರಿಯಾಗಿ ಗಟ್ಟಿಯಾಗುವುದೂ ಇಲ್ಲ.

ಹಾಕುವ ಕ್ರಮ ಕಷ್ಟದ್ದಲ್ಲ. ಎಂಜಿನ್ ತಣ್ಣಗಿರಲಿ. ಹಳೆಯ ಅಂಟಿನ ಪುಡಿಯನ್ನು ತಂತಿ ಬ್ರಷ್‌ನಿಂದ ತೆಗೆಯಿರಿ. ಬೋಲ್ಟನ್ನೂ ತೂತನ್ನೂ ಬ್ರೇಕ್ ಕ್ಲೀನರ್ ಅಥವಾ ಪೇಂಟ್ ಅಂಗಡಿಯ ಥಿನ್ನರ್‌ನಿಂದ ಒರೆಸಿ. ಥಿನ್ನರ್ ರಬ್ಬರ್‌ಗೂ ಪ್ಲಾಸ್ಟಿಕ್‌ಗೂ ತಾಕಬಾರದು. 6 ಎಂಎಂ ಬೋಲ್ಟ್‌ಗೆ ಒಂದೇ ಹನಿ, ತೂತಿನ ಥ್ರೆಡ್ ಜೊತೆ ಕೂಡುವ ಭಾಗಕ್ಕೆ. ಬಿಗಿದು, ಹೊರಗೆ ಬಂದದ್ದನ್ನು ಬಟ್ಟೆಯಿಂದ ಒರೆಸಿ. ಅರ್ಧ ಗಂಟೆಯಲ್ಲಿ ಹಿಡಿದುಕೊಳ್ಳುತ್ತದೆ, ಪೂರ್ತಿ ಬಲ ಬರಲು 24 ಗಂಟೆ ಬೇಕು. ಸಂಜೆ ಹಾಕಿ ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಹತ್ತಿರದ ಓಡಾಟಕ್ಕೆ ತೊಂದರೆ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಇದ್ದರೆ ನಿಧಾನ, ಒಂದು ದಿನ ಪೂರ್ತಿ ಬಿಡಿ.

ಬಿಗಿಯುವ ಬಲದ ಬಗ್ಗೆಯೂ ಹೇಳಬೇಕು. 6 ಎಂಎಂ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆಯ ಮಾತು. ಇದು ದೊಡ್ಡ ಬಲ ಅಲ್ಲ. ಪಾನಾಗೆ ಪೈಪ್ ಸೇರಿಸಿ ತೂಗುವ ಜಾಗ ಇದಲ್ಲ.

ವಾಷರ್ ಮತ್ತು ನಟ್

ಸ್ಪ್ರಿಂಗ್ ವಾಷರ್ ಬಗ್ಗೆ ನಮ್ಮಲ್ಲಿ ತುಂಬ ನಂಬಿಕೆ. ಸೀಳಿದ ಆ ಬಳೆ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ ಅಂತ. ಆದರೆ ಬೋಲ್ಟ್ ಪೂರ್ತಿ ಬಿಗಿದಾಗ ಅದು ಚಪ್ಪಟೆಯಾಗಿ ಸಾದಾ ವಾಷರ್ ಆಗಿಬಿಡುತ್ತದೆ. ಆಮೇಲೆ ಹಿಡಿತ ಏನೂ ಉಳಿಯಲ್ಲ. 1990ರಲ್ಲಿ ನಾಸಾ ಹೊರತಂದ ಬೋಲ್ಟ್-ನಟ್‌ಗಳ ಕೈಪಿಡಿಯಲ್ಲೂ ಇದನ್ನೇ ಹೇಳಿದ್ದಾರೆ. ಕಂಪನಿಯಿಂದ ಬಂದ ಜಾಗದಲ್ಲಿ ಇದ್ದರೆ ಹಾಗೇ ಇರಲಿ, ತೆಗೆದರೆ ಬೋಲ್ಟ್ ಉದ್ದದ ಲೆಕ್ಕ ತಪ್ಪುತ್ತದೆ. ಹೊಸದಾಗಿ ಸೇರಿಸಿ ‘ಇನ್ನು ಚಿಂತೆ ಇಲ್ಲ’ ಅಂದುಕೊಳ್ಳಬೇಡಿ.

ಅದಕ್ಕಿಂತ ಒಳ್ಳೆಯದು ತಲೆಯ ಕೆಳಗೆ ಹಲ್ಲು ಇರುವ ಫ್ಲೇಂಜ್ ಬೋಲ್ಟ್. ತಲೆಗೇ ಅಗಲವಾದ ತಟ್ಟೆ ಇರುತ್ತದೆ, ಅದರ ಅಡಿಯಲ್ಲಿ ಸಣ್ಣ ಹಲ್ಲುಗಳು. ಬ್ರಾಕೆಟ್‌ಗಳಿಗೆ ಚೆನ್ನಾಗಿ ಕೂರುತ್ತದೆ. ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ, ಆದ್ದರಿಂದ ಪದೇ ಪದೇ ಬಿಚ್ಚುವ ಕಡೆ ಬೇಡ.

ಹಿಂದೆ ನಟ್ ಇರುವ ಬೋಲ್ಟ್‌ಗೆ ನೈಲಾಕ್ ನಟ್ ನನ್ನ ಮೊದಲ ಆಯ್ಕೆ. ಒಳಗೆ ನೈಲಾನ್ ಬಳೆ ಇರುತ್ತದೆ, ಅದು ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಅಂಟಿನ ರಗಳೆ ಇಲ್ಲ, ಒಣಗಲು ಕಾಯಬೇಕಿಲ್ಲ, ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ನೈಲಾನ್ ಸುಮಾರು 120 ಡಿಗ್ರಿವರೆಗೆ ಮಾತ್ರ ತಡೆಯುವುದರಿಂದ ಸೈಲೆನ್ಸರ್ ಕಡೆ ಹಾಕಬೇಡಿ. ಫಿಲ್ಟರ್ ಬಾಕ್ಸ್ ಬ್ರಾಕೆಟ್‌ಗೆ ಏನೂ ಭಯ ಇಲ್ಲ. ಬಿಚ್ಚಿದಾಗ ಬೆರಳಲ್ಲೇ ತಿರುಗುವಷ್ಟು ಸವೆದಿದ್ದರೆ ಹೊಸದು ಹಾಕಿ.

ಎರಡು ತಟ್ಟೆ ಒಂದಕ್ಕೊಂದು ಕೂಡುವ ವೆಜ್ ವಾಷರ್, ರೇಸ್ ಗಾಡಿಯಲ್ಲಿ ಬೋಲ್ಟ್ ತಲೆ ಕೊರೆದು ಕಟ್ಟುವ ತಂತಿ, ಇವೆರಡೂ ನಿಜಕ್ಕೂ ಕೆಲಸ ಮಾಡುತ್ತವೆ. ಆದರೆ ಆಫೀಸಿಗೆ, ಹೊಲಕ್ಕೆ ಓಡಾಡುವ ಗಾಡಿಗೆ ಅಷ್ಟು ಬೇಕಿಲ್ಲ. ಗಾಳಿ ದಾರಿಯ ಒಳಗಂತೂ ತಂತಿ ಕಟ್ಟಲೇಬೇಡಿ. ತುಂಡಾದರೆ ಅದೇ ಎಂಜಿನ್ ಒಳಗೆ ಹೋಗುತ್ತದೆ.

ರಬ್ಬರ್ ಪೈಪಿನ ಕ್ಲಿಪ್

ನನ್ನ ಲೆಕ್ಕದಲ್ಲಿ ಧೂಳು ಜಾಸ್ತಿ ಒಳಗೆ ಹೋಗುವುದು ಇಲ್ಲಿಂದಲೇ. ಬೋಲ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಕ್ಲಿಪ್ ಬಗ್ಗೆ ಯಾರೂ ಕೇಳಲ್ಲ. ಫಿಲ್ಟರ್ ಬಾಕ್ಸಿನಿಂದ ಕಾರ್ಬ್ಯುರೇಟರ್‌ಗೆ ಬರುವ ರಬ್ಬರನ್ನು ಬಿಚ್ಚಿ ಒಳಗೆ ಬೆರಳು ಆಡಿಸಿ. ಬೆರಳಿಗೆ ಬೂದಿ ಬಣ್ಣದ ಪುಡಿ ಹತ್ತಿದರೆ ಧೂಳು ಆಗಲೇ ಫಿಲ್ಟರ್ ದಾಟಿದೆ ಅಂತ ಅರ್ಥ. ಪುಡಿ ಒಂದು ಕಡೆ ಗೆರೆಯಾಗಿ ಕೂತಿದ್ದರೆ ಸಂದಿ ಇರುವುದು ಆ ಕಡೆಯೇ.

ಕ್ಲಿಪ್‌ನಲ್ಲಿ ಹೆಚ್ಚಾಗಿ ಮೂರು ಜಾತಿ. ಒಂದು, ತಂತಿಯ ಅಥವಾ ಪಟ್ಟಿಯ ಸ್ಪ್ರಿಂಗ್ ಕ್ಲಿಪ್. ಇಕ್ಕಳದಿಂದ ಹಿಂಡಿ ಹಾಕುವಂಥದ್ದು. ನೋಡಲು ಸಸಾರ ಅನ್ನಿಸುತ್ತದೆ. ಆದರೆ ರಬ್ಬರ್ ಕುಗ್ಗಿದರೂ ಹಿಗ್ಗಿದರೂ ಜೊತೆಗೇ ಹೋಗಿ ಒಂದೇ ಸಮ ಒತ್ತುತ್ತದೆ. ಇದನ್ನು ಕಿತ್ತು ಬಿಸಾಕಿ ಸ್ಕ್ರೂ ಕ್ಲಿಪ್ ಹಾಕುವುದು ಎಷ್ಟೋ ಗ್ಯಾರೇಜುಗಳ ರೂಢಿ. ನನಗೆ ಅದು ಒಪ್ಪಿಗೆ ಇಲ್ಲ. ಸ್ಪ್ರಿಂಗ್ ಸೋತಿದ್ದರೆ ಅದೇ ಅಳತೆಯ ಹೊಸದು ಹಾಕಿ.

ಎರಡು, ಪಟ್ಟಿಯಲ್ಲಿ ಗೀರು ಇರುವ, ಸ್ಕ್ರೂ ತಿರುಗಿಸಿ ಬಿಗಿಯುವ ಕ್ಲಿಪ್. ಎಲ್ಲ ಕಡೆ ಸಿಗುತ್ತದೆ, ಯಾವ ಅಳತೆಗೂ ಹೊಂದಿಸಬಹುದು. ದೋಷ ಏನೆಂದರೆ ಪಟ್ಟಿಯ ಗೀರುಗಳು ರಬ್ಬರನ್ನು ಕಡಿಯುತ್ತವೆ. ಜಾಸ್ತಿ ಬಿಗಿದರೆ ರಬ್ಬರ್ ಸುಕ್ಕಾಗಿ ಪಕ್ಕದಲ್ಲಿ ಸಂದಿ ಬೀಳುತ್ತದೆ. ಒಳಗಡೆ ನುಣುಪಾದ ಪಟ್ಟಿ ಇರುವುದು ಸಿಕ್ಕರೆ ಅದನ್ನೇ ಕೊಳ್ಳಿ.

ಮೂರು, ಮ್ಯಾನಿಫೋಲ್ಡ್ ಮೇಲೆ ಬರುವ ಸ್ಕ್ರೂ-ನಟ್ ಪಟ್ಟಿ. ಬಿಗಿಯುತ್ತ ಹೋದರೆ ಎರಡು ತುದಿ ಹತ್ತಿರ ಬರುತ್ತವೆ. ಎರಡೂ ಮುಟ್ಟಿಯೂ ರಬ್ಬರ್ ತಿರುಗುತ್ತಿದ್ದರೆ ಕ್ಲಿಪ್ ತಪ್ಪಲ್ಲ, ರಬ್ಬರ್ ಮುಗಿದಿದೆ. ಕೆಲವರು ಒಳಗೆ ಸೈಕಲ್ ಟ್ಯೂಬ್ ತುಂಡು ಸುತ್ತಿ ಬಿಗಿಯುತ್ತಾರೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಸೇರಲು ಸರಿ. ಊರು ಸೇರಿದ ಮೇಲೆ ಹೊಸ ರಬ್ಬರ್ ಹಾಕಿಸಿ.

ಕ್ಲಿಪ್ ಹಾಕುವ ಮುನ್ನ ರಬ್ಬರ್ ತುದಿ ಮತ್ತು ಲೋಹದ ಅಂಚು ಎರಡನ್ನೂ ಒಣ ಬಟ್ಟೆಯಿಂದ ಒರೆಸಿ. ಎಣ್ಣೆ ಇದ್ದರೆ ಎಷ್ಟು ಬಿಗಿದರೂ ಜಾರುತ್ತದೆ. ರಬ್ಬರ್‌ನಲ್ಲಿ ಕ್ಲಿಪ್ ಕೂರಲು ಒಂದು ತೋಡು ಇರುತ್ತದೆ, ಕ್ಲಿಪ್ ಅದರಲ್ಲೇ ಕೂತಿರಬೇಕು.

ಬಾಕ್ಸ್ ಕಿತ್ತು ಕೋನ್ ಫಿಲ್ಟರ್ ಹಾಕಿಸುವವರಿಗೆ ಒಂದು ಮಾತು. ಅಲ್ಲಿ ಇಡೀ ಫಿಲ್ಟರಿನ ಭಾರ ಒಂದೇ ಕ್ಲಿಪ್ ಮೇಲೆ ತೂಗುತ್ತದೆ. ಗುಂಡಿಗೆ ಬಿದ್ದಾಗಲೆಲ್ಲ ಅದು ಕುಲುಕುತ್ತದೆ. ನಮ್ಮ ಕಡೆಯ ಧೂಳಿಗೆ ನಾನು ಅದನ್ನು ಯಾರಿಗೂ ಹೇಳಲ್ಲ. ಹಾಕಿಸಿಯೇ ಹಾಕಿಸುತ್ತೀರಾದರೆ ಫಿಲ್ಟರ್ ತುದಿಗೆ ಫ್ರೇಮ್‌ನಿಂದ ಒಂದು ಆಸರೆ ಪಟ್ಟಿ ಕೊಡಿಸಿ.

ಪ್ಲಾಸ್ಟಿಕ್ ಬಾಕ್ಸಿನ ಸ್ಕ್ರೂ

ಫಿಲ್ಟರ್ ಮುಚ್ಚಳದ ಸ್ಕ್ರೂಗಳು ಪ್ಲಾಸ್ಟಿಕ್‌ನಲ್ಲೇ ದಾರಿ ಮಾಡಿಕೊಂಡು ಹೋಗುವ ಜಾತಿಯವು. ಪ್ರತಿ ಸರ್ವಿಸಿಂಗ್‌ನಲ್ಲಿ ಬಿಚ್ಚಿ ಹಾಕುತ್ತಾರೆ, ಪ್ರತಿ ಸಲ ಹೊಸ ದಾರಿ ಕೊರೆದರೆ ತೂತು ಬೇಗ ಅಗಲವಾಗುತ್ತದೆ. ಇದನ್ನು ತಪ್ಪಿಸಲು ಒಂದು ಉಪಾಯ ಇದೆ, ಖರ್ಚೇ ಇಲ್ಲ. ಸ್ಕ್ರೂ ಇಟ್ಟು ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ‘ಟಕ್’ ಅಂತ ಸಣ್ಣಗೆ ಕೆಳಗೆ ಕೂರುತ್ತದೆ. ಅಲ್ಲಿಂದ ಬಿಗಿಯಿರಿ. ಸ್ಕ್ರೂ ಹಳೆಯ ದಾರಿಯಲ್ಲೇ ಹೋಗುತ್ತದೆ. ತಲೆ ಮುಚ್ಚಳಕ್ಕೆ ತಾಗಿದ ಮೇಲೆ ಕಾಲು ಸುತ್ತು, ಅಷ್ಟೇ.

ತೂತು ಆಗಲೇ ಅಗಲವಾಗಿದ್ದರೆ ಒಂದು ಸೈಜ್ ದಪ್ಪ ಸ್ಕ್ರೂ ಹಾಕಬಹುದು, ಆದರೆ ಕಂಬ ತೆಳುವಾಗಿದ್ದರೆ ಸೀಳುತ್ತದೆ. ತೂತಿಗೆ ಹಿತ್ತಾಳೆಯ ಥ್ರೆಡ್ ಬುಷ್ ಕೂರಿಸಿ ಮಷಿನ್ ಸ್ಕ್ರೂ ಹಾಕುವುದು ಹೆಚ್ಚು ಬಾಳುತ್ತದೆ. ಅಂಚಿನಲ್ಲಿ ಜಾಗ ಇದ್ದರೆ ತಗಡಿನ ಕ್ಲಿಪ್ ನಟ್ ಸಿಕ್ಕಿಸಬಹುದು. ಇವೆರಡರಲ್ಲಿ ನನಗೆ ಬುಷ್ ಇಷ್ಟ. ಬಾಕ್ಸ್ ತುಂಬ ಬಿರಿದಿದ್ದರೆ ಬಾಕ್ಸನ್ನೇ ಬದಲಿಸುವುದು ಲೇಸು. ಮುಚ್ಚಳದ ಸುತ್ತಿನ ರಬ್ಬರ್ ಪಟ್ಟಿ ಚಪ್ಪಟೆಯಾಗಿದ್ದರೆ ಅದನ್ನೂ ಬದಲಿಸಿ. ಪಟ್ಟಿ ಕುಗ್ಗಿದಾಗ ಜನ ಸ್ಕ್ರೂ ಇನ್ನಷ್ಟು ಬಿಗಿದು ಪ್ಲಾಸ್ಟಿಕ್ ಒಡೆಯುತ್ತಾರೆ.

ಇವನ್ನು ಹಾಕಬೇಡಿ

ಫೆವಿಕ್ವಿಕ್ ಬಿಸಿಗೆ ಸೋಲುತ್ತದೆ, ಅಲುಗಾಟಕ್ಕೆ ಬಿರಿಯುತ್ತದೆ. ಎಂ-ಸೀಲ್ ಒಣಗಿ ತುಂಡು ಉದುರಿದರೆ ಅದು ಕಲ್ಲೇ. ಟೆಫ್ಲಾನ್ ಟೇಪ್ ನೀರಿನ ನಲ್ಲಿಗೆ ಸರಿ. ಬೋಲ್ಟ್‌ಗೆ ಸುತ್ತಿದರೆ ಇನ್ನೂ ಜಾರುತ್ತದೆ, ಎಳೆಗಳು ಕಾರ್ಬ್ಯುರೇಟರ್ ಜೆಟ್‌ನಲ್ಲಿ (ಪೆಟ್ರೋಲ್ ಬರುವ ಸಣ್ಣ ತೂತು) ಸಿಕ್ಕಿಕೊಳ್ಳುತ್ತವೆ. ಸಾದಾ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ ಕಳಚುತ್ತದೆ. ಬಿಎಸ್6 ಗಾಡಿಯಲ್ಲಿ ಅದರ ಆವಿ ಆಕ್ಸಿಜನ್ ಸೆನ್ಸರನ್ನೂ ಕೆಡಿಸಬಹುದು. ನೇಲ್ ಪಾಲಿಶ್ ಮಾತ್ರ ಪರವಾಗಿಲ್ಲ, ಅದೂ ಗುರುತಿಗೆ. ಬಿಗಿದ ಬೋಲ್ಟ್ ತಲೆಯಿಂದ ಪಕ್ಕದ ಲೋಹದ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಬೋಲ್ಟ್ ತಿರುಗಿದೆ ಅಂತ ಪಾನಾ ಮುಟ್ಟದೆಯೇ ಗೊತ್ತಾಗುತ್ತದೆ. ಪೇಂಟ್ ಮಾರ್ಕರ್ ಇದ್ದರೆ ಇನ್ನೂ ಚೆಂದ. ಪ್ಲಾಸ್ಟಿಕ್ ಮೇಲೆ ನೇಲ್ ಪಾಲಿಶ್ ಬೇಡ, ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ ಕರಗಿಸುತ್ತದೆ.

ಕಾರ್ಬ್ಯುರೇಟರ್ ಒಳಗಿನ ಎರಡು ಸ್ಕ್ರೂ

ಚಿಟ್ಟೆಯಂತೆ ತಿರುಗುವ ಥ್ರಾಟಲ್ ಅಥವಾ ಚೋಕ್ ತಟ್ಟೆಯನ್ನು ಶಾಫ್ಟ್‌ಗೆ ಹಿಡಿಯುವ ಪುಟ್ಟ ಸ್ಕ್ರೂಗಳು ಇವು. ಸಾಮಾನ್ಯವಾಗಿ ಎರಡು ಇರುತ್ತವೆ. ಕಳಚಿದರೆ ನೇರ ಎಂಜಿನ್‌ಗೇ ದಾರಿ. ಅದಕ್ಕೇ ಕಂಪನಿಯಲ್ಲೇ ಅವುಗಳ ತುದಿಯನ್ನು ಬಡಿದು ಅಗಲ ಮಾಡಿರುತ್ತಾರೆ. ಇವನ್ನು ಮನೆಯಲ್ಲಿ ಬಿಚ್ಚಬೇಡಿ. ಬಿಚ್ಚಲೇಬೇಕಾದರೆ ಹೊಸ ಸ್ಕ್ರೂ ಹಾಕಿ, ಶಾಫ್ಟ್‌ಗೆ ಕೆಳಗಿನಿಂದ ಆಸರೆ ಕೊಟ್ಟು ತುದಿ ಬಡಿಯುವ ಕೈ ಬೇಕು. ಬರೀ ಲಾಕ್‌ಟೈಟ್ ನಂಬಿ ಬಿಡುವ ಜಾಗ ಅಲ್ಲ.

ಯಾವುದೇ ಕೆಲಸ ಮುಗಿದಾಗ ಒಂದು ಸ್ಕ್ರೂ ಲೆಕ್ಕಕ್ಕೆ ಸಿಗದಿದ್ದರೆ ಕಿಕ್ ಹೊಡೆಯಬೇಡಿ, ಸೆಲ್ಫ್ ಮುಟ್ಟಬೇಡಿ. ರಬ್ಬರ್ ಪೈಪ್, ಕಾರ್ಬ್ಯುರೇಟರ್ ಬಾಯಿ, ಮ್ಯಾನಿಫೋಲ್ಡ್ ಎಲ್ಲವನ್ನೂ ಟಾರ್ಚ್ ಹಾಕಿ ನೋಡಿ. ಅಯಸ್ಕಾಂತದ ಕಡ್ಡಿಗೆ ಕಬ್ಬಿಣದ ಸ್ಕ್ರೂ ಬರುತ್ತದೆ, ಹಿತ್ತಾಳೆಯದು ಬರಲ್ಲ. ಸಿಗುವವರೆಗೂ ಗಾಡಿ ಚಾಲೂ ಮಾಡಬೇಡಿ. ಕೆಲಸ ಶುರು ಮಾಡುವಾಗಲೇ ಕಾರ್ಬ್ಯುರೇಟರ್ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿಟ್ಟರೆ ಈ ಹುಡುಕಾಟವೇ ಇರಲ್ಲ.

ಥ್ರೆಡ್ ಹೋಗಿದ್ದರೆ

ಹೆಡ್‌ನ ಅಲ್ಯೂಮಿನಿಯಂ ಥ್ರೆಡ್ ಹೋಗಿ ಬೋಲ್ಟ್ ಸುಮ್ನೆ ತಿರುಗುತ್ತಿದ್ದರೆ ಎರಡು ದಾರಿ. ತೂತು ದೊಡ್ಡದು ಮಾಡಿ 8 ಎಂಎಂ ಥ್ರೆಡ್ ಹೊಡೆಸುವುದು ಒಂದು. ಅಗ್ಗ, ಲೇತ್ ಅಂಗಡಿಯಲ್ಲಿ ಬೇಗ ಆಗುತ್ತದೆ. ಆದರೆ ಮ್ಯಾನಿಫೋಲ್ಡಿನ ತೂತನ್ನೂ ದೊಡ್ಡದು ಮಾಡಬೇಕು, ಸುತ್ತಲಿನ ಲೋಹ ತೆಳುವಾಗುತ್ತದೆ, ಮತ್ತೊಮ್ಮೆ ಹೋದರೆ ಮುಂದಿನ ದಾರಿ ಇಲ್ಲ. ತಂತಿ ಸುರುಳಿಯ ಹೆಲಿಕಾಯಿಲ್ ಹಾಕಿಸುವುದು ಇನ್ನೊಂದು. ಬೋಲ್ಟ್ ಅದೇ 6 ಎಂಎಂ ಉಳಿಯುತ್ತದೆ. ಸ್ಟೀಲ್ ಸುರುಳಿ ಆದ್ದರಿಂದ ಹಳೆಯ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿ. ಸ್ವಲ್ಪ ಜಾಸ್ತಿ ಖರ್ಚಾದರೂ ನಾನು ಇದನ್ನೇ ಆರಿಸುತ್ತೇನೆ. ಕೊರೆಯುವಾಗ ಲೋಹದ ಚೂರು ಗಾಳಿ ಹೋಗುವ ತೂತಿಗೆ ಬೀಳದಂತೆ ಗ್ರೀಸ್ ಹಚ್ಚಿದ ಬಟ್ಟೆಯಿಂದ ಮುಚ್ಚಿಸಿ, ಪಕ್ಕದಲ್ಲೇ ನಿಂತು ನೋಡಿ.

ರಿಪೇರಿ ಆದ ಮೇಲೆ 200 ಕಿಲೋಮೀಟರ್ ಆದಾಗ ಒಮ್ಮೆ ಬೋಲ್ಟ್ ಮೇಲೆ ಎಳೆದ ಗುರುತಿನ ಗೆರೆ ನೋಡಿ. ಹೊಸ ರಬ್ಬರ್, ಹೊಸ ಗ್ಯಾಸ್ಕೆಟ್ ಹಾಕಿದ್ದರೆ ಅವು ಒತ್ತಿಕೊಂಡು ಸ್ವಲ್ಪ ಸಡಿಲಾಗಿರಬಹುದು. ಅಂಟು ಹಾಕದ ಬೋಲ್ಟನ್ನು ಆಗ ಒಮ್ಮೆ ಬಿಗಿಯಬಹುದು. ಲಾಕ್‌ಟೈಟ್ ಹಾಕಿದ ಬೋಲ್ಟನ್ನು ಹಾಗೆ ಬಿಗಿಯಬೇಡಿ. ತಿರುಗಿಸಿದರೆ ಅಂಟಿನ ಹಿಡಿತ ಒಡೆಯುತ್ತದೆ. ಅದನ್ನು ಪೂರ್ತಿ ಬಿಚ್ಚಿ, ಒರೆಸಿ, ಹೊಸ ಹನಿ ಹಾಕಿಯೇ ಬಿಗಿಯಬೇಕು.